ಮರದ ಕಾಲಿಗೆ ನೀರು

ನನ್ನ ಎಡಗಾಲು ಮಂಡಿಯ ಕೆಳಗೆ ಒಂದು ಗೇಣಿನಷ್ಟು ಇದೆ, ಅಷ್ಟೆ. ಮಿಕ್ಕಿದ್ದು ಅರವತ್ತೈದರ ಯುದ್ಧದಲ್ಲಿ, ಪಂಜಾಬಿನ ಒಂದು ಕಬ್ಬಿನ ಗದ್ದೆಯ ಬದುವಿನ ಮೇಲೆ, ಮಣ್ಣಲ್ಲಿ ಹೂತಿಟ್ಟ ಸಿಡಿಗುಂಡನ್ನು ಮೆಟ್ಟಿದಾಗ ಹೋಯಿತು. ಆ ಕಥೆಯನ್ನು ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೇ ಸಾಕಾಗಿದೆ. ಈಗ ಹೇಳಹೊರಟಿರುವುದು ಯಾರೂ ಕೇಳದ ಕಥೆ. ಯುದ್ಧ ಮುಗಿದು ಮೂರು ವರ್ಷವಾದ ಮೇಲೆ, ಗುಂಡು ಮದ್ದು ಏನೂ ಇಲ್ಲದ ನಮ್ಮ ಗಂಡಸಿ ಹೋಬಳಿಯಲ್ಲಿ, ಉಳಿದಿದ್ದ ಆ ಗೇಣುದ್ದವನ್ನೂ ಮಂಡಿಯನ್ನೂ ನಾನೇ ಕೈಯಾರೆ ಕಳೆದುಕೊಳ್ಳಲು ಹೊರಟಿದ್ದೆ. ಕೈಯೋ ಕಾಲೋ ಹೋದವರು ಯಾರಾದರೂ ಇದನ್ನು ಓದಿದರೆ, ನನ್ನಂಥ ಪೆದ್ದ ಇನ್ನೊಬ್ಬನೂ ಇದ್ದಾನಲ್ಲ ಎಂದು ಒಂದಿಷ್ಟು ಹಗುರವಾಗಲಿ.

ಮಿಲಿಟರಿ ಆಸ್ಪತ್ರೆಯಿಂದ ಊರಿಗೆ ಬಂದ ಹೊಸದರಲ್ಲಿ ನಮ್ಮ ಮನೆ ಮದುವೆ ಮನೆಯಾಗಿತ್ತು. ಅರಸೀಕೆರೆ ರೈಲು ನಿಲ್ದಾಣದಿಂದಲೇ ಹಾರ ಹಾಕಿ ಕರೆತಂದಿದ್ದರು. ಶಾಲೆಯ ಮೇಷ್ಟ್ರು ಭಾಷಣ ಮಾಡಿದ್ದರು. ತಿಂಗಳೊಪ್ಪತ್ತಿನಲ್ಲಿ ಬರುವವರು ಕಡಿಮೆಯಾದರು. ವರ್ಷ ಕಳೆಯುವಷ್ಟರಲ್ಲಿ ಜಗಲಿಯ ಮೇಲೆ ನಾನು ಮತ್ತು ನನ್ನ ಕುರ್ಚಿ ಇಬ್ಬರೇ ಉಳಿದೆವು. ತೆಂಗಿನ ತೋಟಕ್ಕೆ ಹೊರಟರೆ ಅಣ್ಣ, "ನೀನ್ ಕೂತ್ಕಳಪ್ಪ, ನಾನಿಲ್ವಾ?" ಎನ್ನುತ್ತಿದ್ದ. ಕಾಯಿ ಸುಲಿಯಲು ಹೋದರೆ ಆಳುಗಳು ಕೈಯಿಂದ ಕಸಿದುಕೊಂಡು, "ನೀವ್ ಕೂತ್ಕಳಿ ಬುದ್ಧಿ" ಎನ್ನುತ್ತಿದ್ದರು. ಎಲ್ಲರದೂ ಪ್ರೀತಿಯೇ, ಇಲ್ಲವೆನ್ನಲಾರೆ. ಆದರೆ ಮೂವತ್ತೆರಡನೇ ವಯಸ್ಸಿಗೆ ದಿನಕ್ಕೆ ಹತ್ತು ಸಲ ಕೂತ್ಕೋ ಅನ್ನಿಸಿಕೊಂಡವನಿಗೆ, ನಾನು ಬದುಕಿ ಬಂದದ್ದಾದರೂ ಯಾತಕ್ಕೆ ಅನಿಸುತ್ತದೆ. ನನಗೆ ಅನಿಸಿತ್ತು.

ಅದರಲ್ಲಿ ನನ್ನ ತಪ್ಪೂ ಇತ್ತು. ಉಳಿದ ಮೊಂಡುಕಾಲನ್ನು ನಾನು ಯಾರಿಗೂ ತೋರಿಸಿರಲಿಲ್ಲ, ಹೆಂಡತಿ ಗೌರಮ್ಮನಿಗೂ. ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲ ಕೋಣೆಗೆ ಹೋಗಿ ಅಗಳಿ ಹಾಕಿಕೊಳ್ಳುವುದು, ಮೊಂಡಿಗೆ ಪುಡಿ ಹಾಕಿ ಉಣ್ಣೆಯ ಚೀಲ ಏರಿಸುವುದು, ಮರದ ಕಾಲಿನ ಗೂಡಿನೊಳಗೆ ಅದನ್ನು ಇಳಿಸಿ, ತೊಡೆಗೆ ತೊಗಲಿನ ಪಟ್ಟಿ ಬಿಗಿದು ಹೊರಗೆ ಬರುವುದು. ಗೌರಿ ಒಂದೆರಡು ಸಲ, "ನಾನೇನಾದ್ರೂ ಕೈ ಹಾಕ್ಲಾ?" ಎಂದು ಬಾಗಿಲಾಚೆಯಿಂದ ಕೇಳಿದಳು. "ಬೇಡ, ಹೋಗು" ಎಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಇನ್ನೊಂದು ವಿಷಯವನ್ನಂತೂ ಬಾಯಿಬಿಟ್ಟೇ ಇರಲಿಲ್ಲ. ನನ್ನ ಇಲ್ಲದ ಪಾದ ಉರಿಯುತ್ತಿತ್ತು. ಕಾಲು ಹೋದವರಿಗೆ ಇದು ಗೊತ್ತಿರುತ್ತದೆ, ಉಳಿದವರು ನಂಬುವುದು ಕಷ್ಟ. ಕೆಂಡದ ಮೇಲೆ ಹಿಡಿದಂತೆ ಅಂಗಾಲು, ಅದರಲ್ಲೂ ಹೆಬ್ಬೆರಳು, ಹಗಲೆಲ್ಲ ಉರಿಯುತ್ತಿತ್ತು. ಕೈ ಚಾಚಿದರೆ ಅಲ್ಲಿ ಏನೂ ಇಲ್ಲ. ಪುಣೆಯಲ್ಲಿ ನನಗೆ ಮರದ ಕಾಲು ಕೂರಿಸಿದ ಮುದುಕ ಮಿಸ್ತ್ರಿಗೆ ಮಾತ್ರ ಹೇಳಿದ್ದೆ. ಅವನು ನಕ್ಕು, ಎಲ್ಲರಿಗೂ ಹಾಗೇ, ಊರಲ್ಲಿ ಹೇಳಿಕೊಂಡು ತಿರುಗಬೇಡ, ಹುಚ್ಚ ಅನ್ನುತ್ತಾರೆ ಎಂದಿದ್ದ. ನಮ್ಮೂರಲ್ಲಿ ಹುಚ್ಚ ಅನ್ನುತ್ತಿರಲಿಲ್ಲ, ಗಾಳಿ ಮೆಟ್ಟಿಕೊಂಡಿದೆ ಎಂದು ಬೇವಿನ ಸೊಪ್ಪು ಹಿಡಿದು ಬರುತ್ತಿದ್ದರು. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಹೊರಡುವಾಗ ಮಿಸ್ತ್ರಿ ಇನ್ನೊಂದು ಮಾತು ಹೇಳಿದ್ದ. ಈ ಕಾಲಿಗೆ ಶತ್ರು ಯಾರೂ ಇಲ್ಲ, ನೀರೊಂದೇ. ಒದ್ದೆಯಾಗಲು ಬಿಡಬೇಡ.

ಹೀಗಿರುವಾಗ ತಾಲ್ಲೂಕು ಬೋರ್ಡಿನ ಚುನಾವಣೆ ಬಂತು. ಗೌರಿಯ ತಮ್ಮ ಮಲ್ಲೇಶ ಮಾದಿಹಳ್ಳಿಯವನು, ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ. ಮಾತಿನ ಮಲ್ಲ. ಒಂದು ದಿನ ಬಂದವನೇ, "ಭಾವ, ನೀವ್ ನಿಂತ್ಕಳಿ" ಎಂದ.

"ನಿಂತ್ಕಳದೇ ಅಲ್ವೇನ್ಲಾ ನನಗಿರೋ ಕಷ್ಟ?"

"ತಮಾಸೆ ಬಿಡಿ. ದೇಶಕ್ಕೆ ಕಾಲು ಕೊಟ್ಟೋರು ನೀವು. ನಿಮ್ಗೆ ಇಲ್ಲ ಅನ್ನೋ ಮನೆ ಯಾವ್ದೈತೆ?"

ಊರಿಗೆ ಕೆರೆ ತರುತ್ತೇನೆ, ರಸ್ತೆ ತರುತ್ತೇನೆ ಎಂದು ನಾನು ಒಪ್ಪಿಕೊಂಡೆನೆಂದು ಬರೆದರೆ ಸುಳ್ಳಾಗುತ್ತದೆ. ನನಗೆ ಜನ ಬೇಕಾಗಿದ್ದರು. ಮೊದಲ ಸಲಕ್ಕೆ ಯಾರೋ ನನ್ನನ್ನು ನಿಂತ್ಕೋ ಎಂದಿದ್ದರು, ಅಷ್ಟೇ ಸಾಕಾಯಿತು. ಪಕ್ಷೇತರನಾದ ನನಗೆ ಸಿಕ್ಕ ಗುರುತು ಏಣಿ. ಒಂಟಿಕಾಲಿನವನಿಗೆ ಏಣಿ ಕೊಟ್ಟರಲ್ಲ ಎಂದು ಹೋಬಳಿಯೆಲ್ಲ ನಕ್ಕಿತು. ನಾನೂ ನಕ್ಕೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ, ಕಾಲು ತೊಳೆದುಕೊಂಡು ಒಳಗೆ ಬರಲಿ ಎಂದು. ಆ ನೀರು ಮುಟ್ಟದೆ ಜಗಲಿ ಹತ್ತಿದರೆ ಮನೆಯವರಿಗೆ ಅವಮಾನ. ಓಟು ಕೇಳಲು ಹೊರಟ ಮೊದಲ ದಿನ, ಮೊದಲ ಮನೆಯಲ್ಲಿ ಗಂಗಮ್ಮನೆಂಬ ಮುದುಕಿ ಚೊಂಬು ಹಿಡಿದು ಬಂದಳು. ನಾನು ಕ್ಯಾನ್ವಾಸ್ ಬೂಟು ಕಳಚಿ, ಪಂಚೆ ಎತ್ತಿ ಕಟ್ಟಿ ನಿಂತಿದ್ದೆ. ಅವಳ ಕಣ್ಣು ನನ್ನ ಮರದ ಪಾದದ ಮೇಲೆ ಬಿತ್ತು. ಚೊಂಬು ಅಲ್ಲೇ ನಿಂತಿತು. ಜೊತೆಗಿದ್ದ ಹತ್ತು ಜನರೂ ಆಕಾಶ ನೋಡತೊಡಗಿದರು. ಒಂದೇ ಕಾಲಿಗೆ ನೀರು ಕೊಡುವುದು ಹೇಗೆ, ಎರಡಕ್ಕೂ ಕೊಡುವುದು ಹೇಗೆ? ಆ ಮೌನ ನನ್ನಿಂದ ತಡೆಯಲಾಗಲಿಲ್ಲ. "ಹುಯ್ಯವ್ವ, ಎರಡೂ ನಂದೇಯ" ಎಂದುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ಗಂಗಮ್ಮ ನಗುತ್ತಾ ಎರಡೂ ಪಾದಕ್ಕೆ ನೀರು ಹೊಯ್ದಳು.

ಆಗ ಒಂದು ವಿಚಿತ್ರ ನಡೆಯಿತು. ಅವಳು ಹೊಯ್ಯುವುದನ್ನು ನಾನು ನೋಡುತ್ತಿದ್ದೆ. ನೀರು ಮರದ ಬೆರಳುಗಳ ಮೇಲೆ ಹರಿಯಿತು. ನನ್ನ ಇಲ್ಲದ ಪಾದ ತಣ್ಣಗಾಯಿತು. ಮೂರು ವರ್ಷದಿಂದ ಆರದ ಉರಿ, ಒಂದು ಚೊಂಬು ನೀರಿಗೆ ಆರಿತು. ಹೊಟ್ಟೆಗೆ ಹಾಲು ಹೊಯ್ದಂತಾಗಿ ನನ್ನ ಕಣ್ಣಲ್ಲಿ ನೀರು ಬಂತು. ದೇಶಕ್ಕಾಗಿ ಪಟ್ಟ ಪಾಡನ್ನು ನೆನೆದು ಅಳುತ್ತಿದ್ದಾನೆಂದು ಮುದುಕಿ ಸೆರಗು ಕಣ್ಣಿಗೊತ್ತಿಕೊಂಡಳು. ಮಲ್ಲೇಶ ನನ್ನ ಮುಖವನ್ನೂ ನೋಡಿದ, ಗಂಗಮ್ಮನ ಮುಖವನ್ನೂ ನೋಡಿದ. ಅವನ ವ್ಯಾಪಾರದ ತಲೆ ಓಡಲು ಅಷ್ಟು ಸಾಕಾಗಿತ್ತು.

ಮಾರನೆಯ ದಿನದಿಂದ ನಾವು ಹೋಗುವ ಮುಂಚೆಯೇ ಸುದ್ದಿ ಹೋಗುತ್ತಿತ್ತು. ಚೊಂಬು ಹೋಗಿ ಬಿಂದಿಗೆ ಬಂತು. ಪಾದಕ್ಕೆ ಹೊಯ್ಯುವುದು ಹೋಗಿ, ಭಕ್ತಿಯಿಂದ ಮಂಡಿಯ ಮೇಲಿನಿಂದ ಹೊಯ್ಯಲು ಶುರುಮಾಡಿದರು. ಕೆಲವರು ಅರಿಶಿನ ಕಲಸಿದ ನೀರು ತಂದರು, ಕೆಲವರು ಮರದ ಕಾಲಿಗೆ ಹೂವಿಟ್ಟರು. ದಿನಕ್ಕೆ ಮೂವತ್ತು ನಲವತ್ತು ಮನೆ. ನೀರು ಗೂಡಿನೊಳಗೆ ಇಳಿದು ಉಣ್ಣೆಯ ಚೀಲ ನೆನೆದು, ನಡೆದರೆ ಒಳಗೆ ಪಚಪಚ ಎನ್ನುತ್ತಿತ್ತು. ತೊಗಲಿನ ಪಟ್ಟಿ ಊದಿಕೊಂಡಿತ್ತು. ಮಿಸ್ತ್ರಿಯ ಮಾತು ನೆನಪಿಗೆ ಬರಲಿಲ್ಲವೆ ಎಂದು ನೀವು ಕೇಳಬಹುದು. ದಿನಾ ಬರುತ್ತಿತ್ತು. ಆದರೆ ಮುಂದಿನ ಮನೆಯಲ್ಲಿ ಮತ್ತೆ ಒಂದು ಗಳಿಗೆ ಉರಿ ಆರುತ್ತದೆ ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಸುತ್ತ ಜನ, ನಗು, ಮಾತು. ಅಷ್ಟು ಜನರ ನಡುವೆ ನನಗೆ ಏನಾಗುತ್ತಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಹೇಳಿದ್ದರೆ ತಾನೆ ಗೊತ್ತಾಗುವುದು.

ಎಂಟನೆಯ ದಿನ ಹಿತ್ತಲ ಕೋಣೆಯಲ್ಲಿ ಚೀಲ ಕಳಚಿದಾಗ ಅದರ ಜೊತೆ ಚರ್ಮವೂ ಬಂತು. ಮೊಂಡಿನ ತುದಿ ನೀರಲ್ಲಿ ನೆನೆದ ಅವಲಕ್ಕಿಯ ಬಣ್ಣಕ್ಕೆ ತಿರುಗಿತ್ತು, ಒಂದು ಕಡೆ ಹುಣ್ಣಾಗಿ ಬಾಯಿ ತೆರೆದಿತ್ತು. ಹಳೆಯ ಪಂಚೆ ಹರಿದು ಸುತ್ತಿಕೊಂಡು, ಅದರ ಮೇಲೇ ಕಾಲು ಬಿಗಿದು ಹೊರಟೆ. ಎರಡು ದಿನಕ್ಕೆ ವಾಸನೆ ಬಂತು, ಜ್ವರ ಬಂತು. ಜ್ವರದಿಂದ ಕೆಂಪಾದ ಮುಖ ನೋಡಿ ಜನ, ಯಜಮಾನರಿಗೆ ಒಳ್ಳೆ ಕಳೆ ಬಂದಿದೆ ಎಂದರು. ಗಂಡಸಿಯ ಸಂತೆಯಲ್ಲಿ ಗಾಡಿಯ ಮೇಲೆ ನಿಂತು ಮಾತಾಡುತ್ತಿದ್ದವನು, ಮಾತು ನಿಲ್ಲಿಸಿ ಒಣಮೆಣಸಿನಕಾಯಿ ಮೂಟೆಗಳ ಮೇಲೆ ಬಿದ್ದೆನಂತೆ. ನನಗೆ ನೆನಪಿಲ್ಲ.

ಎಚ್ಚರವಾದಾಗ ಅರಸೀಕೆರೆಯಲ್ಲಿದ್ದೆ. ಸ್ಟೇಷನ್ನಿನ ರಸ್ತೆಯಲ್ಲಿ ಒಬ್ಬ ಡಾಕ್ಟರು ತಮ್ಮ ಮನೆಯ ಹಿಂದೆ ಆರು ಮಂಚ ಹಾಕಿ ರೋಗಿಗಳನ್ನು ನೋಡುತ್ತಿದ್ದರು. ಸಣ್ಣ ಆಳು, ಮಾತು ಕಡಿಮೆ. ಮೊಂಡನ್ನು ನೋಡಿ, "ಇದನ್ನ ನೀರಲ್ಲಿ ನೆನೆಹಾಕಿದ್ರಾ?" ಎಂದರು. ನಾನು ಎಲ್ಲವನ್ನೂ ಹೇಳಿದೆ, ಉರಿ ಆರಿದ್ದೊಂದನ್ನು ಬಿಟ್ಟು. ಅವರು ನಗಲಿಲ್ಲ.

"ಹದಿನೈದು ದಿನ ಹಾಸಿಗೆ ಬಿಟ್ಟು ಏಳಕೂಡದು. ಸೂಜಿಮದ್ದು ಕೊಡ್ತೀನಿ. ಕೀವು ಮೇಲಕ್ಕೆ ಏರಿದ್ರೆ ನನ್ನ ಕೈಲಿ ಆಗಲ್ಲ, ಹಾಸನಕ್ಕೆ ಕಳಿಸ್ತೀನಿ. ಅಲ್ಲಿ ಮಂಡಿಯ ಮೇಲಕ್ಕೆ ತೆಗೀತಾರೆ."

"ಓಟಿಗೆ ಇನ್ನ ಒಂಬತ್ತೇ ದಿನ ಐತೆ, ಸ್ವಾಮಿ."

"ಮಂಡಿ ಇದ್ರೆ ಮತ್ತೆ ಮರದ ಕಾಲು ಹಾಕ್ಕೊಂಡು ನಡೀಬಹುದು. ಮಂಡಿ ಹೋದ್ರೆ ಜಗಲಿ ಮೇಲೆ ಕೂತ್ಕೋಬೇಕು," ಎಂದರು. ಕೂತ್ಕೋ ಎಂಬ ಮಾತು ಅವರ ಬಾಯಿಂದಲೂ ಬಂತು.

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಎರಡನೆಯ ದಿನ ಬೆಳಿಗ್ಗೆ ಡಾಕ್ಟರು ಸ್ನಾನಕ್ಕೆ ಹೋದ ಸಮಯ ನೋಡಿ, ಮಂಚದ ಕೆಳಗಿದ್ದ ಮರದ ಕಾಲು ಎಳೆದುಕೊಂಡು ಬಿಗಿದೆ. ಎದ್ದು ನಿಂತೆ. ಬಾಗಿಲು ಎಂಟು ಹೆಜ್ಜೆ ದೂರ ಇತ್ತು. ಮೂರನೆಯ ಹೆಜ್ಜೆಗೆ ಗೂಡಿನೊಳಗೆ ಬೆಚ್ಚಗೆ ಏನೋ ಹರಿಯಿತು. ಗೋಡೆ ಹಿಡಿದು ನಿಂತೆ. ಬಾಗಿಲಾಚೆ ಕೊಬ್ಬರಿ ಗಾಡಿಗಳು ಮಾರುಕಟ್ಟೆಯ ಕಡೆ ಸಾಲಾಗಿ ಹೋಗುತ್ತಿದ್ದವು, ಜನ ಮಾತಾಡಿಕೊಂಡು ನಡೆಯುತ್ತಿದ್ದರು. ಆಚೆ ಹೋದರೆ ಎಂಟು ದಿನ ಜನರ ನಡುವೆ ಇರಬಹುದು. ಆಮೇಲೆ ಮೂವತ್ತು ವರ್ಷ ಕುರ್ಚಿ. ಅಷ್ಟು ಲೆಕ್ಕ ನನಗೂ ಬರುತ್ತಿತ್ತು. ಹಿಂದಕ್ಕೆ ಬಂದು ಕಾಲು ಕಳಚಿದೆ. ಹೊದಿಕೆ ಮುಖದ ಮೇಲೆ ಎಳೆದುಕೊಂಡು ಅತ್ತೆ.

ಮಧ್ಯಾಹ್ನ ಮಲ್ಲೇಶ ಬಂದ. ಒಂದೇ ಒಂದು ಗಂಟೆ ಗಾಡಿಯಲ್ಲಿ ಕೂತು ಮುಖ ತೋರಿಸಿ ಬನ್ನಿ ಎಂದು ಕೈ ಮುಗಿದ. ಆಗುವುದಿಲ್ಲ ಎಂದೆ. ಅವನು ಬಗ್ಗಿ ಮಂಚದ ಕೆಳಗಿದ್ದ ಮರದ ಕಾಲನ್ನು ನೋಡಿ, ತಲೆ ಎತ್ತಿ ಹೇಳಿದ.

"ಹಂಗಾದ್ರೆ ಕಾಲಾದ್ರೂ ಕಳಿಸಿ ಭಾವ."

ನಾನು ನಕ್ಕೆ. ಅವನು ನಗಲಿಲ್ಲ. "ಜನ ಕೇಳ್ತಾವ್ರೆ ಕಣ್ರೀ. ಇನ್ನ ಹನ್ನೆಲ್ಡು ಊರು ಉಳ್ಕಂಡೈತೆ. ಕಾಲು ಯಾವಾಗ ಬತ್ತೈತೆ ಅಂತ ಕೇಳ್ತಾವ್ರೆ."

ನಾನು ಯಾವಾಗ ಬರುತ್ತೇನೆ ಎಂದು ಯಾರಾದರೂ ಕೇಳಿದರಾ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. "ತಗಂಡ್ ಹೋಗು" ಎಂದೆ. ಅವನು ನನ್ನ ಕಾಲನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದ.

ನನ್ನ ಕಾಲು ಹೋಬಳಿ ಸುತ್ತಿತು. ಎತ್ತಿನ ಗಾಡಿಯಲ್ಲಿ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ಕಾಲು ಇಟ್ಟು, ಪಕ್ಕದಲ್ಲಿ ಒಂದು ಏಣಿ ಕಟ್ಟಿದ್ದರಂತೆ. ಊರೂರಲ್ಲಿ ಅದಕ್ಕೆ ನೀರು ಹೊಯ್ದರಂತೆ, ಹಾರ ಹಾಕಿದರಂತೆ. ಇದನ್ನೆಲ್ಲ ನನಗೆ ಹೇಳಿದವನು ಗಾಯ ಕಟ್ಟುವ ಕಾಂಪೌಂಡರ್, ಅವನಿಗೆ ಹೇಳಿದವರು ಬೇರೆ ರೋಗಿಗಳು. ನಾನು ಮಲಗಿಕೊಂಡು ಮೇಲಿನ ಮಂಗಳೂರು ಹೆಂಚು ಎಣಿಸುತ್ತಿದ್ದೆ. ರೈಲು ಬಂದಾಗ ಮಂಚ ಅದುರುತ್ತಿತ್ತು. ಇಲ್ಲದ ಪಾದ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು. ಈಗ ಯಾವ ಊರಲ್ಲಿ ನೀರು ಹೊಯ್ಯುತ್ತಿರಬಹುದು ಎಂದು ಕಣ್ಣು ಮುಚ್ಚಿ ನೆನೆದು ನೋಡಿದೆ. ಏನೂ ಆಗಲಿಲ್ಲ. ಹೋಬಳಿಯ ಜನರೆಲ್ಲ ಸೇರಿ ನನ್ನ ಪಾದ ತೊಳೆಯುತ್ತಿದ್ದರು. ನಾನು ಒಂದು ಲೋಟ ಕುಡಿಯುವ ನೀರಿಗೆ ಕೂಗಿ ಕೂಗಿ ಸುಮ್ಮನಾಗುತ್ತಿದ್ದೆ. ಅಂಥ ಒಂಟಿತನವನ್ನು ನಾನು ಯುದ್ಧದಲ್ಲೂ ಕಂಡಿರಲಿಲ್ಲ.

ಓಟಿನ ದಿನ ಕಾಂಪೌಂಡರ್ ತನ್ನೂರಿಗೆ ಹೋಗಿದ್ದ. ಗೌರಿ ದಿನಾ ಬುತ್ತಿ ಕಳಿಸುತ್ತಿದ್ದಳು, ಆವತ್ತು ತಾನೇ ಬಸ್ಸು ಹತ್ತಿ ಬಂದಳು. "ಏಣಿಗೆ ಒತ್ತಿ ಬಂದೆ" ಎಂದು ಬೆರಳಿನ ಶಾಯಿ ತೋರಿಸಿದಳು. ಅಷ್ಟರಲ್ಲಿ ಡಾಕ್ಟರು ಗಾಯ ತೊಳೆಯಲು ಬಂದರು. ಹಿಡಿಯುವವರು ಯಾರೂ ಇಲ್ಲದ್ದರಿಂದ, "ನೀವೇ ಸ್ವಲ್ಪ ಹಿಡ್ಕೊಳ್ಳಿಮ್ಮ" ಎಂದು ಅವಳ ಕೈಗೆ ಬೋಗುಣಿ ಕೊಟ್ಟರು. ಬೇಡ ಎನ್ನಲು ನಾನು ಬಾಯಿ ತೆರೆಯುವ ಮುಂಚೆಯೇ ಬಟ್ಟೆ ಬಿಚ್ಚಿದ್ದಾಗಿತ್ತು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ಡಾಕ್ಟರು ಹೊಸ ಬಟ್ಟೆ ಸುತ್ತಿ, "ಕೀವು ನಿಂತಿದೆ. ಮಂಡಿ ಉಳೀತು ಅನ್ಕೊಳ್ಳಿ" ಎಂದು ಹೋದ ಮೇಲೆ ಗೌರಿ ಕೇಳಿದಳು.

"ಇಷ್ಟೇನಾ?"

"ಏನು ಇಷ್ಟೇನಾ?"

"ಇದನ್ನ ಮುಚ್ಚಿಡಕ್ಕಾ ಮೂರು ವರ್ಷ ಅಗಳಿ ಹಾಕ್ಕಂಡ್ರಿ? ಒಳಗೆ ಏನೈತೋ ಅಂತ ನಾನು ಏನೇನೋ ಅಂದ್ಕಂಡಿದ್ದೆ ಕಣ್ರೀ. ಹುಳ ಬಿದ್ದೈತೇನೋ, ಮೂಳೆ ಆಚೆ ಬಂದೈತೇನೋ ಅಂತ. ನೀವು ಒಳಗೆ ಒಬ್ರೇ, ನಾನು ಬಾಗ್ಲಾಚೆ ಒಬ್ಳೇ." ಹೇಳುತ್ತಾ ಹೇಳುತ್ತಾ ಅವಳಿಗೆ ಸಿಟ್ಟು ಬಂತು. ಬುತ್ತಿಯ ಗಂಟನ್ನು ಮಂಚದ ಮೇಲೆ ಕುಕ್ಕಿ, ಸಂಜೆಯ ಬಸ್ಸಿಗೆ ಹೊರಟುಹೋದಳು. ಅವಳು ಹೋದ ಮೇಲೆ ನನಗೆ ನಾಚಿಕೆಯಾಯಿತು. ಉರಿಯ ವಿಷಯ ಅವತ್ತೂ ಹೇಳಲಿಲ್ಲ.

ನಾನು ಗೆದ್ದೆ. ಕಾಲು ಗೆದ್ದಿತು ಎಂದರೆ ಸರಿಯಾದೀತು. ಎಣಿಕೆಯ ದಿನ ಸಂಜೆ ಸ್ಟೇಷನ್ ರಸ್ತೆಯಲ್ಲಿ ಪಟಾಕಿ, ತಮಟೆ ಕೇಳಿಸಿತು. ಊರುಗೋಲು ಹಿಡಿದು, ಡಾಕ್ಟರ ಅಪ್ಪಣೆ ಪಡೆದು ಹೊರಗಿನ ಕಟ್ಟೆಯವರೆಗೆ ಬಂದೆ. ಗಾಡಿ ಬರುತ್ತಿತ್ತು. ಕುರ್ಚಿಯ ಮೇಲೆ ನನ್ನ ಕಾಲು ಹಾರಗಳಲ್ಲಿ ಹೂತುಹೋಗಿತ್ತು, ಪಾದವೊಂದೇ ಕಾಣುತ್ತಿತ್ತು. ನನ್ನ ಹೆಸರಿಗೆ ಜೈಕಾರ ಹಾಕುತ್ತಿದ್ದರು. ನಾನು ಕೈ ಎತ್ತಿದೆ. ಊರುಗೋಲು ಹಿಡಿದು ನಿಂತ, ಗಡ್ಡ ಬೆಳೆದ ರೋಗಿಯನ್ನು ಯಾರೂ ಗುರುತು ಹಿಡಿಯಲಿಲ್ಲ. ಒಬ್ಬ ಹುಡುಗಾಟಕ್ಕೆ ನನ್ನ ಮೇಲೂ ಒಂದು ಹಿಡಿ ಗುಲಾಲು ಎರಚಿ ಹೋದ. ಮೆರವಣಿಗೆ ತಿರುವಿನಲ್ಲಿ ಮರೆಯಾಯಿತು. ಎತ್ತಿದ ಕೈಯನ್ನು ಇಳಿಸಿಕೊಂಡು ಒಳಗೆ ಬಂದು ಮಲಗಿದೆ.

ಮಾರನೆಯ ದಿನ ಮಲ್ಲೇಶ ಕಾಲನ್ನು ತಂದುಕೊಟ್ಟ. ನೀರು, ಬಿಸಿಲು, ಮತ್ತೆ ನೀರು. ಹಿಮ್ಮಡಿಯ ಹತ್ತಿರ ಮರ ಸೀಳಿ ಪಾದ ಅಲ್ಲಾಡುತ್ತಿತ್ತು. "ಗೆದ್ವಲ್ಲ ಭಾವ, ಇನ್ನೊಂದ್ ಮಾಡ್ಸನ ಬಿಡಿ" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ, ಅಷ್ಟೆ.

ಹದಿನೆಂಟನೆಯ ದಿನ ಊರಿಗೆ ಬಂದೆ. ಹಾರ ಹಾಕುವವರು ಕಾದಿದ್ದರು, ಮಾತಾಡಿಸಿ ಹೋದರು. ಅವರೆಲ್ಲ ಹೋದ ಮೇಲೆ ನಾನು ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ. ಗೌರಿ ಒಳಗಿನಿಂದ ಚೊಂಬು ಹಿಡಿದು ಬಂದು ಮೆಟ್ಟಿಲ ಮೇಲೆ ಕೂತಳು. ನನ್ನ ಬಲಗಾಲಿಗೆ ನೀರು ಹೊಯ್ದು ತೊಳೆದಳು. ಆಮೇಲೆ ಚೊಂಬು ಹಿಡಿದುಕೊಂಡು ಹಾಗೇ ಕೂತಳು. ಮೊದಲ ದಿನ ಗಂಗಮ್ಮನ ಚೊಂಬು ನಿಂತಿದ್ದ ಹಾಗೆ ಅವಳ ಚೊಂಬೂ ನಿಂತಿತ್ತು. ಆದರೆ ಈ ಸಲ ಮೌನ ಮುರಿಯಲು ತಮಾಷೆ ಮಾಡಬಾರದು ಅನಿಸಿತು.

"ಗೌರಿ, ಇನ್ನೊಂದು ಪಾದ ಉರೀತೈತೆ ಕಣೇ" ಎಂದೆ. "ಇಲ್ಲದ್ದು. ಮೂರು ವರ್ಷದಿಂದ ಉರೀತೈತೆ."

ಅವಳು ನನ್ನ ಮುಖ ನೋಡಿದಳು. ಬೇವಿನ ಸೊಪ್ಪಿನ ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಎಲ್ಲೈತೆ ಅದು?" ಎಂದು ಕೇಳಿದಳು.

ನಾನು ಬೆರಳು ಮಾಡಿ ತೋರಿಸಿದೆ, ಮೊಂಡಿನ ಕೆಳಗೆ, ಬರಿಯ ಚಪ್ಪಡಿ ಕಲ್ಲಿನ ಮೇಲೆ. ಅವಳು ಚೊಂಬು ಬಗ್ಗಿಸಿ, ಅವಸರವಿಲ್ಲದೆ, ಆ ಕಲ್ಲಿನ ಮೇಲೆ ನೀರು ಹೊಯ್ದಳು. ನಾನು ನೋಡುತ್ತಾ ಕೂತೆ.

"ಆಯ್ತಾ?"

"ವಸಿ ಈ ಕಡೀಕೆ," ಎಂದೆ. "ಹೆಬ್ಬೆರಳು ಇಲ್ಲೈತೆ."

ಅವಳು ಚೊಂಬನ್ನು ಈ ಕಡೆಗೆ ಸರಿಸಿದಳು.